ಹೆಗಲಿನ ಲೇಪ

ಹೊಸ ಕನ್ನಡಕ ಹಾಕಿಕೊಂಡ ಮುದುಕಿ ಮೇಜಿನ ಮೇಲಿದ್ದ ದುಂಡು ಕನ್ನಡಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಗದ್ದ ಎತ್ತಿ ನೋಡಿದಳು, ಗದ್ದ ಇಳಿಸಿ ನೋಡಿದಳು, ಆಮೇಲೆ ಕಪಾಟಿನ ಗಾಜುಗಳೆಲ್ಲ ಅದುರುವ ಹಾಗೆ ನಕ್ಕಳು.

"ಅಯ್ಯೋ ನನ್ನ ಹಣೆಬರಹವೇ, ಗಡ್ಡ ಬಂದಿದೆಯಲ್ಲಪ್ಪಾ ನಂಗೆ! ಇಷ್ಟು ದಿನ ಮನೇಲಿ ಒಬ್ಬರಾದ್ರೂ ಹೇಳಬಾರದಾ? ಯಜಮಾನ್ರು ಹೋದ್ಮೇಲೆ ಮನೆಗೊಂದು ಗಂಡುದಿಕ್ಕು ಬೇಕಲ್ಲ ಅಂತ ನಾನೇ ಆಗಿಬಿಟ್ಟೆ ನೋಡು."

ಇನ್ನೊಂದು ಚೌಕಟ್ಟಿನ ತಿರುಪು ಬಿಗಿಯುತ್ತಿದ್ದ ಕನ್ನಡಕದಂಗಡಿಯವನ ಕೈ ಜಾರಿ ಸಣ್ಣ ತಿರುಪುಳಿಯ ಮೊನೆ ಹೆಬ್ಬೆರಳಿಗೆ ಚುಚ್ಚಿತು. ಬೇರೆ ದಿನವಾಗಿದ್ದರೆ ಅವನೂ ನಗುತ್ತಿದ್ದ, ಕಾಣದ್ದನ್ನು ಕಾಣಿಸುವುದಷ್ಟೇ ನನ್ನ ಕೆಲಸ, ಕಂಡದ್ದಕ್ಕೆ ನಾನು ಹೊಣೆಯಲ್ಲಮ್ಮ ಎಂದು ತನ್ನ ಹಳೆಯ ಮಾತನ್ನು ಆಡುತ್ತಿದ್ದ. ಇವತ್ತು ಮೂಗಿನ ಮೇಲೆ ಭಾರ ಇಲ್ಲ ತಾನೆ ಎಂದಷ್ಟೇ ಕೇಳಿದ. ಮುದುಕಿ ಇನ್ನೂ ಗದ್ದ ಸವರಿಕೊಳ್ಳುತ್ತಲೇ, ಭಾರವೇನೂ ಇಲ್ಲ, ಆದರೆ ಕುರುಡಿಯಾಗಿದ್ದಾಗ ಚೆಂದವಾಗಿದ್ದೆ ಎಂದು ಹೇಳಿ ಎದ್ದುಹೋದಳು. ಬಾಗಿಲಿನಾಚೆ ಬೀದಿಯಲ್ಲಿ ಅವಳು ಎದುರಿಗೆ ಬಂದವಳೊಬ್ಬಳನ್ನು ನಿಲ್ಲಿಸಿ ಅದನ್ನೇ ಹೇಳಿ ನಗುವುದು ಕಾಣಿಸಿತು. ಎಷ್ಟು ಹಗುರವಾಗಿ ಹೇಳುತ್ತಾಳೆ. ತನ್ನ ಮೈಯ ವಿಷಯವನ್ನು ಹಾದಿಯಲ್ಲಿ ಹೋಗುವವರಿಗೂ ಹಂಚಿಬಿಡುತ್ತಾಳೆ, ಹೂವು ಹಂಚಿದ ಹಾಗೆ. ಅವನು ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡು ಗೋಡೆಯ ಗಡಿಯಾರ ನೋಡಿದ. ಮಗಳು ಬೆಳಿಗ್ಗೆಯಿಂದ ಒಂದು ಗುಟುಕು ನೀರನ್ನೂ ಕುಡಿದಿಲ್ಲ. ಮಧ್ಯಾಹ್ನ ಅವಳಿಗೆ ಮತ್ತು ಬರಿಸುವ ಔಷಧ ಕೊಟ್ಟು, ಯಂತ್ರದ ಬಿಲದೊಳಕ್ಕೆ ಮಲಗಿಸಿ, ಹೊಟ್ಟೆಯೊಳಗೆ ಗಂಟು ಇದೆಯೋ ಎಂದು ನೋಡುತ್ತಾರೆ. ಗಂಟು ಅಲ್ಲಿಲ್ಲ. ಅದು ಎಲ್ಲಿದೆಯೆಂದು ಈ ಭೂಮಿಯ ಮೇಲೆ ಗೊತ್ತಿರುವುದು ಅವನೊಬ್ಬನಿಗೆ.

ಮಗಳನ್ನು ಮನೆಯಲ್ಲಿ ಅಳಿಲು ಎಂದೇ ಕರೆಯುವುದು. ನಡೆಯುವುದಕ್ಕೆ ಮೊದಲೇ ಹತ್ತುವುದನ್ನು ಕಲಿತವಳು, ಮಂಚ ಹತ್ತಿ, ಕಿಟಕಿ ಹತ್ತಿ, ಕೊನೆಗೆ ಅಪ್ಪನನ್ನೇ ಹತ್ತಿ ಅಲ್ಲೇ ನೆಲೆನಿಂತವಳು. ಬೆಳಿಗ್ಗೆ ಅವನು ಸ್ನಾನ ಮುಗಿಸಿ, ಬರೀ ಬನಿಯನ್ನಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಚಹಾ ಹಿಡಿದು ಕೂತರೆ ಸಾಕು, ಹಾಸಿಗೆಯಿಂದ ಅರೆನಿದ್ದೆಯಲ್ಲಿ ಎದ್ದು ಬಂದು ತೊಡೆಯೇರಿ ಕೆನ್ನೆಯನ್ನು ಅವನ ಬಲಹೆಗಲಿಗೆ ಒತ್ತಿ ಮತ್ತೆ ನಿದ್ದೆಹೋಗುವಳು. ಬಾಯಿ ತೆರೆದುಕೊಂಡು, ಜೊಲ್ಲು ಸುರಿಸಿಕೊಂಡು. ಅತ್ತೆ ಒಳಗಿಂದ, "ಅಳಿಯಂದ್ರೇ, ಚಹಾ ಆರ್ತದೆ, ಆ ಅಳಿಲನ್ನ ಇಳಿಸಿ ಕುಡೀರಿ" ಎನ್ನುವರು. ಅವನು ಇಳಿಸುತ್ತಿರಲಿಲ್ಲ. ಆ ಕೆನ್ನೆಯ ಬಿಸಿಗಾಗಿಯೇ ಅವನಿಗೆ ಬೆಳಗಾಗುತ್ತಿತ್ತು. ಆ ಹೆಗಲಿನ ಮೇಲೆ, ಅದಕ್ಕೆ ಸ್ವಲ್ಪ ಮೊದಲು, ಬಚ್ಚಲಮನೆಯ ಚಿಲಕ ಹಾಕಿಕೊಂಡು, ಕನ್ನಡಕದ ಹಳೇ ಡಬ್ಬಿಯೊಳಗೆ ಬಚ್ಚಿಟ್ಟಿದ್ದ ಕೊಳವೆಯಿಂದ ಅವನು ಬಣ್ಣವಿಲ್ಲದ ಲೇಪವನ್ನು ಹಿಂಡಿ, ಚರ್ಮ ಕುಡಿಯುವ ತನಕ ತಿಕ್ಕಿರುತ್ತಿದ್ದ. ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಹೆಂಡತಿ ಕೇಳಿದಾಗ ಕ್ಷೌರವಾದ ಮೇಲೆ ಹಚ್ಚುವ ನೀರು ಎಂದಿದ್ದ.

ಆ ಲೇಪ ಗಂಡಸಿನ ಹಾರ್ಮೋನು. ಅಂಥದೊಂದು ಕೊಳವೆಯಲ್ಲಿ ಸಿಗುತ್ತದೆಂದು ಅವನಿಗೆ ಮೊದಲು ಗೊತ್ತಿರಲಿಲ್ಲ. ಯಾಕೋ ವರ್ಷದಿಂದ ಈಚೆಗೆ ಮೈ ತನ್ನದಲ್ಲ ಎನಿಸುತ್ತಿತ್ತು. ಸಂಜೆಯಾದರೆ ಒದ್ದೆ ಗೋಣಿಚೀಲದ ಹಾಗೆ ಕುಸಿಯುವುದು, ಯಾವುದರ ಮೇಲೂ ಆಸೆಯಿಲ್ಲದಿರುವುದು. ಅದು ಹಾಗಿರಲಿ, ಅವನನ್ನು ನಿಜವಾಗಿ ಚುಚ್ಚಿದ್ದು ಹೆಂಡತಿಯ ಅಂಗೈ. ಒಂದು ರಾತ್ರಿ ಹಾಸಿಗೆಯಲ್ಲಿ ಸೋತು ಮಗ್ಗುಲಾದ ಅವನ ಬೆನ್ನನ್ನು ಅವಳು ಮಗುವಿನ ಬೆನ್ನು ತಟ್ಟಿದ ಹಾಗೆ ತಟ್ಟಿ, "ಹೋಗ್ಲಿ ಬಿಡ್ರೀ, ಅದಕ್ಕೇನಂತೆ" ಎಂದಿದ್ದಳು. ಶಾಲೆಯಲ್ಲಿ ಲೆಕ್ಕ ಕಲಿಸುವವಳು. ತಪ್ಪು ಮಾಡಿದ ದಡ್ಡ ಹುಡುಗರಿಗೆ ಇದೇ ದನಿಯಲ್ಲಿ ಸಮಾಧಾನ ಹೇಳುವುದನ್ನು ಅವನು ಅವಳ ತರಗತಿಯ ಹೊರಗೆ ನಿಂತು ಕೇಳಿದ್ದ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಆ ತಟ್ಟುವಿಕೆ ಇನ್ನೂ ಬೆನ್ನಿನಲ್ಲಿ ಇದೆ. ಊರಿನ ಆಚೆ ತುದಿಯ, ತನ್ನನ್ನು ಯಾರೂ ಗುರುತಿಸದ ಬೀದಿಯ ಡಾಕ್ಟರೊಬ್ಬನ ಹತ್ತಿರ ಹೋದ. ರಕ್ತ ತೆಗೆದರು, ಕಡಿಮೆಯಿದೆ ಎಂದರು. ಡಾಕ್ಟರು ಹೆಗಲಿಗೆ ಹಚ್ಚುವ ಬಗೆ ಹೇಳುತ್ತಿದ್ದಾಗ ಅವನ ಕಿವಿಯೆಲ್ಲ ಬಾಗಿಲ ಕಡೆಗಿತ್ತು. ಬಾಗಿಲು ಅರ್ಧ ತೆರೆದಿತ್ತು, ಆಚೆ ನರ್ಸು ಯಾರ ಜೊತೆಗೋ ನಗುತ್ತಿದ್ದಳು, ಆ ನಗು ತನ್ನ ಮೇಲೆಯೇ ಎಂದು ಅವನಿಗೆ ಖಾತ್ರಿಯಾಗಿಹೋಗಿತ್ತು. ಕೈ ತೊಳೆದುಕೊಳ್ಳಿ ಎಂದದ್ದು ಕೇಳಿಸಿತು. ಆಮೇಲೆ ಮಕ್ಕಳು, ಬಟ್ಟೆ, ಮುಚ್ಚಿ ಎಂದು ಏನೇನೋ ಮಾತುಗಳು ತೇಲಿದವು. ಆಯ್ತು ಡಾಕ್ಟ್ರೇ, ಆಯ್ತು ಡಾಕ್ಟ್ರೇ ಎಂದು ತಲೆಯಾಡಿಸುತ್ತ ಹಿಂದೆ ಹಿಂದೆ ಸರಿದು ಬಾಗಿಲು ದಾಟಿದ್ದ. ಕೈಯನ್ನೇನೋ ನಿಯತ್ತಾಗಿ ತೊಳೆದ, ದಿನಾ, ಸೋಪು ಹಚ್ಚಿ, ಉಗುರಿನ ಸಂದಿಯೂ ಬಿಡದೆ. ಕಾಮಕ್ಕೆ ಕಣ್ಣಿಲ್ಲ ಎನ್ನುತ್ತಾರೆ. ನಾಚಿಕೆಗೆ ಕಿವಿಯೂ ಇಲ್ಲವೆಂದು ಅವನಿಗೆ ಗೊತ್ತಾದದ್ದು ತಡವಾಗಿ.

ಮೊದಲು ಬಂದದ್ದು ವಾಸನೆ. ಅಳಿಲಿನ ಬಟ್ಟೆ ಒಗೆಯುವಾಗ ಅತ್ತೆ, ಇದೇನೇ ಈ ಮಗುವಿನ ಕಂಕುಳು ಮೂಟೆ ಹೊರುವವನ ಕಂಕುಳಿನ ಹಾಗೆ ನಾರುತ್ತದೆ ಎಂದು ನಕ್ಕಿದ್ದರು. ಆಮೇಲೆ ಹಣೆಯ ಮೇಲೆ ಜಿಡ್ಡು. ಹೊಸ ಅಂಗಿ ತೋಳಿಗೆ ಗಿಡ್ಡವಾಯಿತು, ಅದರ ಬದಲಿಗೆ ತಂದದ್ದೂ ಗಿಡ್ಡವಾಯಿತು. ಹಾಲುಹಲ್ಲೂ ಬೀಳದ ಹುಡುಗಿಯ ಮೇಲ್ತುಟಿಯಲ್ಲಿ, ಹಾಲು ಕುಡಿದು ಒರೆಸಿಕೊಳ್ಳದ ಹಾಗೆ, ಆದರೆ ಕಪ್ಪಗೆ, ಒಂದು ನೆರಳು. ಕಾಲುಗಳ ಮೇಲೆ ನವಿರು. ಶಿಶುವಿಹಾರದಿಂದ ದೂರು ಬಂತು, ಆಟಿಕೆ ಕಿತ್ತುಕೊಂಡವನನ್ನು ಕೆಡವಿ ಅವನ ಮೇಲೆ ಕೂತಿದ್ದಳಂತೆ. "ಭೇಷ್, ನನ್ನ ಮೊಮ್ಮಗಳು ಪೈಲ್ವಾನಳು" ಎಂದು ಅತ್ತೆ ಹೇಳಿದ್ದೂ ನಿಜ, ಹಾಗೆ ಹೇಳಿದ ಮೇಲೆ ಸುಮ್ಮನಾಗಿ ಅವಳ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿದ್ದೂ ನಿಜ. ಹೆಂಡತಿಯ ತುಟಿಯ ಮೇಲೆಯೂ ಸಣ್ಣಗೆ ಕೂದಲು ಬರುತ್ತದೆ, ದಾರದಲ್ಲಿ ತೆಗೆಸಿಕೊಂಡು ಬರುತ್ತಾಳೆ. ಅತ್ತೆಯ ಗದ್ದದಲ್ಲಿಯೂ ಇದೆ. ಬಚ್ಚಲಲ್ಲಿ ಅವರ ಚಿಕ್ಕ ಚಿಮಟ ಇರುವುದನ್ನು ಅವನು ಕಂಡೂ ಕಾಣದವನ ಹಾಗೆ ಇಷ್ಟು ವರ್ಷ ನಡೆದುಕೊಂಡಿದ್ದಾನೆ. ಹೀಗಾಗಿ ಆರೋಪಿ ಸಿಕ್ಕಿಬಿಟ್ಟ. ಅತ್ತೆ ತಮ್ಮ ತಾಯಿಗೂ ಹೀಗೇ ಇತ್ತು, ದೊಡ್ಡಮ್ಮನಿಗೂ ಇತ್ತು ಎಂದು ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಕರೆತಂದು ಸಾಲಾಗಿ ನಿಲ್ಲಿಸಿದರು. ನಮ್ಮ ರಕ್ತದ ದೋಷ, ಹೆಣ್ಣುಮಕ್ಕಳಿಗೆ ಆಸ್ತಿ ಕೊಡಲಾಗದಿದ್ದರೂ ಇದನ್ನೊಂದು ಕೊಟ್ಟೆವು ಎಂದರು.

ಅತ್ತೆಗೆ ಕಥೆ ಹೇಳುವ ಹುಚ್ಚು. ಅವರೇ ಕಟ್ಟಿದ್ದೋ, ಯಾರಿಂದ ಕೇಳಿದ್ದೋ, ಒಂದು ಕಥೆ ಅಳಿಲಿಗೆ ಬಹಳ ಇಷ್ಟವಾಗಿತ್ತು. ಒಬ್ಬ ರಾಜ ಮಹಾ ಸೋಮಾರಿ. ಅವನು ಮಲಗಿದ್ದಾಗ ರಾಣಿ ಅವನ ಮೀಸೆಯನ್ನು ಒಂದು ದಿನದ ಮಟ್ಟಿಗೆ ಎರವಲು ತಗೊಂಡು ಅಂಟಿಸಿಕೊಂಡು ಸಿಂಹಾಸನದ ಮೇಲೆ ಕೂತಳು. ಸಂಜೆ ವಾಪಸು ಕೊಡಲು ಹೋದರೆ ಮೀಸೆ ಬರಲೊಲ್ಲದು. ಇಲ್ಲೇ ಚೆನ್ನಾಗಿದೆ, ಈ ಮುಖದಲ್ಲಿ ಕೆಲಸವಾದರೂ ಇದೆ ಎಂದು ಹಟಹಿಡಿಯಿತು. ರಾಜ ಏನು ಮಾಡಿದ ಅಜ್ಜೀ ಎಂದು ಅಳಿಲು ಪ್ರತಿಸಲವೂ ಕೇಳುವಳು. ಏನು ಮಾಡುತ್ತಾನೆ, ಬೋಳುಮೂತಿ ಹೊತ್ತುಕೊಂಡು ಅಡುಗೆಮನೆಗೆ ಹೋಗಿ ಸೊಪ್ಪು ಬಿಡಿಸುತ್ತ ಕೂತ ಎನ್ನುವರು ಅತ್ತೆ. ಪಕ್ಕದ ಕೋಣೆಯಲ್ಲಿ ಅವನೂ ನಗುತ್ತಿದ್ದ. ಈಗ ಆ ಕಥೆ ನಿಂತುಹೋಗಿದೆ. ಮೊನ್ನೆ ಅವನು ನೀರಿಗೆಂದು ಒಳಗೆ ಹೋದಾಗ ಅತ್ತೆ ಒಲೆಯ ಮುಂದೆ ಬಾಗಿಲಿಗೆ ಬೆನ್ನು ಮಾಡಿ ಕೂತು ಅಳುತ್ತಿದ್ದರು, ಹೆಂಡತಿ ಅವರ ಭುಜ ಹಿಡಿದಿದ್ದಳು. "ನನ್ನ ನಾಲಿಗೆಗೆ ಬೆಂಕಿ ಬೀಳ ಕಣೇ. ಆಡಬಾರದ ಕಥೆ ಆಡಿದೆ. ಮೈಯಿಂದ್ಲೂ ನಾನೇ ಕೊಟ್ಟೆ, ಬಾಯಿಂದ್ಲೂ ನಾನೇ ಕೊಟ್ಟೆ." ಅವನು ಲೋಟ ತುಂಬಿಕೊಂಡ. ಲೋಟ ತುಂಬುವ ಸದ್ದು ಆ ಮನೆಯಲ್ಲಿ ಅಷ್ಟು ದೊಡ್ಡದಾಗಿ ಯಾವತ್ತೂ ಕೇಳಿಸಿರಲಿಲ್ಲ. ಕುಡಿದು, ಲೋಟ ತೊಳೆದಿಟ್ಟು, ಹೊರಗೆ ಬಂದ.

ಆಗಲೇ ಅವನಿಗೆ ಗೊತ್ತಿತ್ತು. ಅವನನ್ನು ತಿನ್ನುತ್ತಿದ್ದುದು ಅದೇ. ಕಳೆದ ವಾರ ಮಕ್ಕಳ ಆಸ್ಪತ್ರೆಯಲ್ಲಿ ಗ್ರಂಥಿಗಳ ಡಾಕ್ಟರಮ್ಮ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. "ಗಂಡು ಹಾರ್ಮೋನು, ಹೆಣ್ಣು ಹಾರ್ಮೋನು ಅನ್ನೋದೆಲ್ಲ ನಾವು ಇಟ್ಟ ಹೆಸರು ಕಣಮ್ಮ. ಎರಡೂ ಎಲ್ಲರ ಮೈಯಲ್ಲೂ ಇರ್ತವೆ. ನಿಮ್ಮ ಅಂಡಾಶಯಾನೂ ಗಂಡಿಂದು ಅನ್ನೋದನ್ನ ಮಾಡ್ತದೆ, ಮೂತ್ರಪಿಂಡದ ತಲೆ ಮೇಲೆ ಟೋಪಿ ಥರ ಕೂತಿರೋ ಗ್ರಂಥಿನೂ ಮಾಡ್ತದೆ. ನಿಮ್ಮ ಹುರುಪಿಗೆ, ಆಸೆಗೆ, ಅದೂ ಒಂದು ಚಿಟಿಕೆ ಬೇಕು. ಇವರ ಮೈಯಲ್ಲೂ ಹೆಣ್ಣಿಂದು ಇದೆ. ಎಲ್ಲಿಂದ ಬಂತು ಹೇಳಿ? ಗಂಡಿಂದೇ ಸ್ವಲ್ಪ ಮಾರ್ಪಟ್ಟು ಹೆಣ್ಣಿಂದಾಗ್ತದೆ. ಅದಿಲ್ದಿದ್ರೆ ಇವರ ಮೂಳೆ ಒಣಕಡ್ಡಿ. ಆದ್ರೆ ಮಕ್ಕಳ ಮೈಯಲ್ಲಿ ಎರಡೂ ನಿದ್ದೆ ಮಾಡ್ತಿರ್ಬೇಕು. ನಿಮ್ಮ ಮಗಳಲ್ಲಿ ಒಂದು ಎದ್ದು ಕೂತಿದೆ. ಯಾರು ಎಬ್ಬಿಸಿದ್ರು ಅಂತ ಹುಡುಕ್ಬೇಕು." ಅವನು ಅಂಗಿಯೊಳಗೆ ಕುಗ್ಗಿದ. ಕೆಲವು ವಾರಗಳಿಂದ ಅವನ ಎದೆಯ ತೊಟ್ಟಿನ ಹಿಂದೆ ಮುಟ್ಟಿದರೆ ನೋಯುವ ಒಂದು ಮೆದು ಗಡ್ಡೆ ಕೂತಿತ್ತು. ಅದೇನೆಂದು ಈಗ ತಿಳಿಯಿತು. ಗಂಡಸಾಗಲೆಂದು ತಿಕ್ಕಿಕೊಂಡದ್ದು ಒಳಗೆ ಹೋಗಿ ಹೆಣ್ಣಿನದಾಗಿ ಅವನ ಎದೆಯಲ್ಲಿಯೇ ಬಿಡಾರ ಹೂಡಿತ್ತು. ಉಳಿದದ್ದು ಮಗಳ ಕೆನ್ನೆಗೆ ಹೋಗಿತ್ತು. ಅಷ್ಟರಲ್ಲಿ ಡಾಕ್ಟರಮ್ಮ, ಮನೆಯಲ್ಲಿ ಯಾರಾದರೂ ಮುಲಾಮು, ಲೇಪ, ಔಷಧ ಏನಾದರೂ ಹಚ್ಚುತ್ತೀರಾ ಎಂದು ಕೇಳಿದ್ದರು. ಹೆಂಡತಿ ತಟಕ್ಕನೆ, "ಇಲ್ಲ ಡಾಕ್ಟ್ರೇ, ಅಮ್ಮ ಮಂಡಿಗೆ ನೋವಿನೆಣ್ಣೆ ಹಚ್ತಾರೆ, ಅಷ್ಟೇ. ಇವರಂತೂ ತಲೆನೋವು ಬಂದ್ರೂ ಗುಳಿಗೆ ಮುಟ್ಟಲ್ಲ" ಎಂದು, ಗಂಡನ ಬಗ್ಗೆ ಒಂದು ಹೆಮ್ಮೆಯಿಂದ, ಅವನ ಕಡೆ ತಿರುಗಿ ನಕ್ಕಿದ್ದಳು. ಆ ನಗುವಿಗೆ ಅವನೂ ನಕ್ಕುಬಿಟ್ಟಿದ್ದ. ಒಂದು ಸಲ ನಕ್ಕ ಮೇಲೆ ಬಾಗಿಲು ಮುಚ್ಚಿದಂತಾಯಿತು. ಅವತ್ತೇ ಕೊಳವೆಯನ್ನು ಚರಂಡಿಗೆ ಎಸೆದ, ತುಂಬುತೋಳಿನ ಅಂಗಿ ಹಾಕಿಕೊಂಡು ಚಹಾಕ್ಕೆ ಕೂತ. ಇನ್ನು ತಾನಾಗಿಯೇ ಸರಿಹೋಗುತ್ತದೆ, ಯಾರಿಗೂ ಗೊತ್ತಾಗದೆ ಸರಿಹೋಗುತ್ತದೆ ಎಂದುಕೊಂಡ. ರಕ್ತದಲ್ಲಿ ಹೆಚ್ಚಿದೆ, ಗಂಟು ಇರಬಹುದು, ಒಳಗೆ ನೋಡೋಣ ಎಂದು ಆಸ್ಪತ್ರೆಯಿಂದ ಹೇಳಿಕಳಿಸುವರೆಂದು ಅವನು ಎಣಿಸಿರಲಿಲ್ಲ.

ಫೋನು ರಿಂಗಾಯಿತು.

"ರೀ, ಹೊರಟ್ರಾ ಇಲ್ವಾ? ಇವಳು ಹಸಿವಿಗೆ ನನ್ನ ಕೈ ಕಚ್ಚಿದಾಳೆ. ಅಮ್ಮನೂ ಮನೇಲಿ ಏನೂ ತಿನ್ನದೆ ಕೂತಿದಾರಂತೆ, ಮಗು ಉಪವಾಸ ಇದ್ರೆ ಗಂಟಲಲ್ಲಿ ಇಳಿಯಲ್ಲ ಅಂತ. ಬೇಗ ಬನ್ನಿ, ನಂಗೆ ಒಬ್ಬಳಿಗೇ ಭಯ ಆಗ್ತಿದೆ."

"ಒಬ್ಬರು ಗಿರಾಕಿ ಇದ್ರು," ಎಂದ. ಅಂಗಡಿ ಖಾಲಿಯಿತ್ತು. ಕಪಾಟುಗಳಲ್ಲಿ ಕಣ್ಣಿಲ್ಲದ ಕನ್ನಡಕಗಳೆಲ್ಲ ಅವನ ಕಡೆಗೇ ಮುಖ ಮಾಡಿಕೊಂಡಿದ್ದವು.

ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಫಿನಾಯಿಲ್ ವಾಸನೆ, ಗೋಡೆಗೆ ಬಳಿದ ಜಿರಾಫೆಗಳು, ಬೆಂಚುಗಳ ಮೇಲೆ ಮಕ್ಕಳನ್ನು ಅವುಚಿಕೊಂಡ ತಾಯಂದಿರು. ಅಳಿಲು ದೂರದಿಂದಲೇ ಅಪ್ಪನನ್ನು ಕಂಡು ಓಡಿಬಂದು ಕಾಲು ಹಿಡಿದು ಹತ್ತತೊಡಗಿದಳು. ಅವನು ಅವಳ ಕೈಗಳನ್ನು ಬಿಡಿಸಿ ಕೆಳಗೆ ನಿಲ್ಲಿಸಿದ. ಈ ಒಂದು ವಾರದಿಂದ ಹಾಗೆಯೇ ಮಾಡುತ್ತಿದ್ದಾನೆ. ಅವಳು ತಲೆಯೆತ್ತಿ, ಗಡಸಾಗತೊಡಗಿದ ಸಣ್ಣ ದನಿಯಲ್ಲಿ, "ಅಪ್ಪ, ನಾನು ಕೊಳಕಾ?" ಎಂದು ಕೇಳಿದಳು. ಪಕ್ಕದ ಬೆಂಚಿನಲ್ಲಿದ್ದ ಹಲ್ಲಿಲ್ಲದ ತಾತನೊಬ್ಬ, ಹಸಿದ ಮಗು ಏನೇನೋ ಮಾತಾಡುತ್ತದೆ ಬಿಡಿ ಎಂದ. ಹೆಂಡತಿ ಕೂತಲ್ಲಿಂದಲೇ ಅವನ ತೋಳು ಹಿಡಿದುಕೊಂಡಳು. "ನನ್ನ ಮೇಲೆ ಸಿಟ್ಟಿದೆಯಾ? ಇದ್ರೆ ಹೇಳಿಬಿಡಿ. ಒಂದು ವಾರದಿಂದ ಅವಳನ್ನ ಎತ್ಕೋತಿಲ್ಲ, ನನ್ನ ಮುಖ ನೋಡ್ತಿಲ್ಲ. ನಮ್ಮ ಕಡೆಯಿಂದ ಬಂದದ್ದು, ಒಪ್ಕೋತೀನಿ. ಆದ್ರೆ ಅವಳೇನು ಮಾಡಿದಾಳೆ?"

ಅವನು ಬಾಯಿ ತೆರೆದ. ಆ ಹೊತ್ತಿಗೆ ನರ್ಸು ಬಂದು ಮಗುವಿನ ಕೈ ಹಿಡಿದು ಸೂಜಿ ಚುಚ್ಚುವ ಜಾಗ ಹುಡುಕತೊಡಗಿದಳು. ಅಳಿಲು ಕಿರುಚಿದಳು, ಒದ್ದಳು, ತಟ್ಟೆ ಉರುಳಿತು. ಇಬ್ಬರು ಬಂದು ಕಾಲು ಹಿಡಿದರು. ಹೆಂಡತಿ ಮಗುವಿನ ಮುಖವನ್ನು ತನ್ನ ಎದೆಗೆ ಒತ್ತಿಕೊಂಡು, ಸ್ವಲ್ಪ ತಡ್ಕೋ ನನ್ನ ಬಂಗಾರ, ಸ್ವಲ್ಪ ತಡ್ಕೋ ಎನ್ನುತ್ತಿದ್ದಳು. ಅವನಿಗೆ ಕಾಣಿಸಿದ್ದು ಆ ಕಾಲುಗಳು ಮಾತ್ರ. ಕಪ್ಪು ನವಿರಿನ ಆ ಪುಟ್ಟ ಕಾಲುಗಳು ತನ್ನವೇ, ತನ್ನ ಮೈಯಿಂದ ಕಿತ್ತು ಆ ಮಗುವಿಗೆ ಅಂಟಿಸಿದಂಥವು. ಅವನ ಬಾಯಿಯಿಂದ ಒಂದು ಸದ್ದು ಹೊರಟಿತು.

"ನಿಲ್ಸಿ."

"ಏನು ಸಾರ್?" ನರ್ಸು ತಲೆ ಎತ್ತಲಿಲ್ಲ.

"ನಿಲ್ಸೀಮ್ಮ. ಅವಳಿಗೆ ಏನೂ ಆಗಿಲ್ಲ. ನಾನು ಹಚ್ಕೋತಿದ್ದೆ."

"ಏನ್ ಹಚ್ಕೋತಿದ್ರಿ?"

"ಮುಲಾಮು."

"ಯಾವ ಮುಲಾಮು? ಸೊಂಟನೋವಿಗಾ?"

ಬೆಂಚುಗಳ ಮೇಲಿದ್ದವರೆಲ್ಲ ಇತ್ತ ತಿರುಗಿದ್ದರು. ಮಗು ಕೂಡ ಬಿಕ್ಕಳಿಸುತ್ತ ಕಿವಿಗೊಟ್ಟ ಹಾಗಿತ್ತು. ಅವನು ಸಣ್ಣಗೆ ಹೇಳಿದ. ಕೇಳಿಸಲಿಲ್ಲ, ಸ್ವಲ್ಪ ಜೋರಾಗಿ ಹೇಳಿ ಎಂದಳು ನರ್ಸು. ಅವನು ಜೋರಾಗಿ ಹೇಳಿದ. "ಗಂಡಸರ ಹಾರ್ಮೋನು. ಹೆಗಲಿಗೆ ಹಚ್ಕೋತಿದ್ದೆ. ನಂಗೆ ಕಮ್ಮಿ ಇದೆ ಅಂತ." ಹಲ್ಲಿಲ್ಲದ ತಾತ ಅಯ್ಯೋ ಪಾಪ ಎಂದ. ಯಾರೋ ಕೆಮ್ಮಿದರು. ಯಾರೂ ನಗಲಿಲ್ಲ. ನಗಬಹುದಿತ್ತು ಎನಿಸಿತು ಅವನಿಗೆ.

ಡಾಕ್ಟರಮ್ಮ ತಮ್ಮ ಕೋಣೆಗೆ ಕರೆಸಿಕೊಂಡರು. ಬೈಯಲಿಲ್ಲ. ಎಲ್ಲಿ ಹಚ್ಚುತ್ತಿದ್ದಿರಿ, ಯಾವ ಹೊತ್ತಿಗೆ, ಮಗು ಎಲ್ಲಿ ಮಲಗುತ್ತಿತ್ತು, ಯಾವಾಗ ಬಿಟ್ಟಿರಿ ಎಂದು ಒಂದೊಂದಾಗಿ ಕೇಳಿದರು. ಒಣಗಿದ ಮೇಲೂ ಅದು ಚರ್ಮದಿಂದ ಚರ್ಮಕ್ಕೆ ದಾಟುತ್ತದೆ ಎಂದರು. ಯಂತ್ರ ಇವತ್ತು ಬೇಡ, ಮತ್ತೆ ರಕ್ತ ನೋಡೋಣ, ಇಳಿಯುತ್ತ ಬಂದರೆ ಅದೇ ಸಾಕ್ಷಿ ಎಂದರು. ವಾಸನೆ ಹೋಗುತ್ತದೆ, ಸಿಟ್ಟು ಇಳಿಯುತ್ತದೆ, ಕೂದಲು ನಿಧಾನವಾಗಿ ತೆಳ್ಳಗಾಗುತ್ತದೆ. ಅವನು ಉಸಿರು ಬಿಡುವಷ್ಟರಲ್ಲಿ ಅವರು ಕಿಟಕಿಯ ಬೆಳಕಿಗೆ ಮಗುವಿನ ಅಂಗೈಯ ಎಕ್ಸರೆ ಹಿಡಿದರು. "ಮೂಳೆ ಮಾತ್ರ ವಯಸ್ಸಿಗಿಂತ ಮುಂದೆ ಓಡಿಬಿಟ್ಟಿದೆ. ಅದನ್ನ ಹಿಂದಕ್ಕೆ ಕರಿಯೋಕಾಗಲ್ಲ. ಇನ್ಮೇಲೆ ನಿಧಾನವಾಗಿ ನಡೀಲಿ ಅಂತ ಕಾಯ್ಬೇಕು." ಆಮೇಲೆ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಕಮ್ಮಿ ಇರೋದು ನಿಮ್ಮ ತಪ್ಪಲ್ಲ, ಔಷಧ ತಗೊಂಡಿದ್ದೂ ತಪ್ಪಲ್ಲ. ಹೋದ ವಾರ ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ?" ಎಂದರು. ಅವನು ಮೇಜಿನ ಮೇಲಿನ ಆ ಕನ್ನಡಕವನ್ನೇ ನೋಡಿದ. ಅದರ ಎಡಗಡೆಯ ಕಡ್ಡಿ ಸ್ವಲ್ಪ ಸೊಟ್ಟಗಾಗಿತ್ತು. ಅದನ್ನು ಸರಿಮಾಡಿಕೊಡಲೇ ಎಂದು ಕೇಳುವ ಹುಚ್ಚು ಆಸೆಯೊಂದು ಬಂದು ಹೋಯಿತು.

ಹೆಂಡತಿ ಎದ್ದಳು. ಹೊರಗೆ ಬಂದು ಮಗುವಿಗೆ ಬನ್ನು ಕೊಡಿಸಿದಳು. ಅಳಿಲು ಎರಡೂ ಕೈಯಲ್ಲಿ ಹಿಡಿದು ಗಬಗಬನೆ ತಿಂದಳು. ಬಸ್ಸಿನಲ್ಲಿ ಹೆಂಡತಿ ಮಗುವನ್ನು ಕಿಟಕಿಯ ಪಕ್ಕ ಕೂರಿಸಿ, ನಡುವೆ ತಾನು ಕೂತು, ಈ ತುದಿಗೆ ಅವನಿಗೆ ಜಾಗ ಬಿಟ್ಟಳು. ಅರ್ಧ ದಾರಿ ಹೀಗೆಯೇ ಸಾಗಿತು. ಅವನು ಕಾಯುತ್ತಿದ್ದ, ಲೇಪದ ಬಗ್ಗೆ ಕೇಳುತ್ತಾಳೆ, ಸುಳ್ಳಿನ ಬಗ್ಗೆ ಕೇಳುತ್ತಾಳೆ, ಉತ್ತರಗಳನ್ನು ಜೋಡಿಸಿಕೊಂಡಿದ್ದ. ಅವಳು ಎದುರಿನ ಸೀಟಿನ ಬೆನ್ನು ನೋಡುತ್ತ ಕೇಳಿದ್ದು ಬೇರೆ.

"ಮೊನ್ನೆ ಅಮ್ಮ ಅಳ್ತಾ ಕೂತಿದ್ದಾಗ ನೀವು ನೀರು ಕುಡಿಯೋಕೆ ಬಂದ್ರಿ, ಅಲ್ವಾ?"

"ಹ್ಞೂಂ."

"ಆಗಲೇ ಗೊತ್ತಿತ್ತು ನಿಮಗೆ."

ಅವನು ಹೌದೆಂದು ತಲೆಯಾಡಿಸಿದ.

"ಅಮ್ಮನಿಗೆ ನೀವೇ ಹೇಳ್ಬೇಕು. ನಾನು ಹೇಳಲ್ಲ," ಎಂದಳು. ಅದು ಶಾಲೆಯ ದನಿಯಾಗಿರಲಿಲ್ಲ. ಬೆನ್ನು ತಟ್ಟುವ ಅಂಗೈ ಅವಳ ಮಡಿಲಲ್ಲಿ ಮುಷ್ಟಿಯಾಗಿ ಬಿದ್ದಿತ್ತು.

ಅತ್ತೆಯ ಮುಂದೆ ಅವನು ಇಷ್ಟು ವರ್ಷದಲ್ಲಿ ಹವೆ, ಊಟ, ಮಂಡಿನೋವು ಬಿಟ್ಟು ಬೇರೆ ಮಾತಾಡಿದವನಲ್ಲ. ಅವರೆದುರು ಕಾಲಮೇಲೆ ಕಾಲು ಹಾಕಿ ಕೂತವನಲ್ಲ. ಮನೆಯ ಮೆಟ್ಟಿಲು ಹತ್ತುವಾಗ, ಯಾವ ಮಾತಿನಲ್ಲಿ ಹೇಳಲಿ, ದೇವರೇ, ಅಂಥ ಮಾತು ಒಂದಾದರೂ ಇದೆಯೇ ಎಂದು ಹುಡುಕಿದ. ಬಾಗಿಲು ತೆರೆದ ಅತ್ತೆ ಮೊದಲು ಮೊಮ್ಮಗಳ ಮೈಯನ್ನೆಲ್ಲ ತಡವಿ, ಸೂಜಿಯ ಗಾಯ ಹುಡುಕಿ, ಆಮೇಲೆ ಅವರಿಬ್ಬರ ಮುಖ ನೋಡಿದರು. ಮುಖಗಳಲ್ಲಿ ಏನು ಕಂಡರೋ, ಗೋಡೆ ಹಿಡಿದುಕೊಂಡರು. ಒಂದು ಕೈ ತಾನಾಗಿ ಮೇಲೆದ್ದು ತಮ್ಮ ಗದ್ದವನ್ನು ಮುಚ್ಚಿಕೊಂಡಿತು.

"ಗಂಟು ಇದೆಯಾ?"

"ಇಲ್ಲ ಅತ್ತೆ." ಹೆಂಡತಿ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು, ಬಾಗಿಲನ್ನು ಮಾತ್ರ ತೆರೆದಿಟ್ಟಳು. ಅವನು ನೆಲ ನೋಡುತ್ತ ಹೇಳಿದ. ಹೇಳುವಾಗ ಮಾತು ತೊದಲಿತು, ಔಷಧ ಎಂದ, ನನ್ನ ಮೈಗೆ ಬೇಕಾಗಿತ್ತು ಎಂದ, ಗಂಡಸರದು ಎಂದ, ಬೆಳಿಗ್ಗೆ ಹೆಗಲ ಮೇಲೆ ಮಲಗುತ್ತಿದ್ದಳಲ್ಲ ಎಂದ.  ಎಲ್ಲ ಮುಗಿಸಿದ ಮೇಲೆ ಕಾದ. ಛೀ ಎನ್ನಲಿ. ನಿನ್ನಂಥವನಿಗೆ ಮಗಳನ್ನು ಕೊಟ್ಟೆನಲ್ಲ ಎನ್ನಲಿ.

ಅತ್ತೆ ಗೋಡೆ ಬಿಟ್ಟರು. ಆಮೇಲೆ ಹತ್ತಿರ ಬಂದರು. ಗದ್ದದ ಮೇಲಿನ ಕೈ ಇಳಿದಿತ್ತು.

"ಹಾಗಾದ್ರೆ ನಂದಲ್ವಾ?"

"ಅಲ್ಲ ಅತ್ತೆ."

"ನಮ್ಮಮ್ಮಂದೂ ಅಲ್ಲ?"

"ಅಲ್ಲ."

"ಆ ಕಥೆ ಹೇಳಿದ್ದಕ್ಕೂ ಅಲ್ಲ?"

ಅವನು ತಲೆಯೆತ್ತಿದ. ಮುದಿಮುಖವೆಲ್ಲ ಒದ್ದೆಯಾಗಿ, ಸುಕ್ಕುಗಳ ನಡುವಿನಿಂದ ಯಾವುದೋ ಕಾಲದ ಹುಡುಗಿಯೊಬ್ಬಳು ಹೊರಬಂದು ನಿಂತಿದ್ದಳು. ಅವರು ಬೈಯುತ್ತಿರಲಿಲ್ಲ, ಅವನು ಹೇಳಿದ್ದರಲ್ಲಿ ಅರ್ಧವನ್ನು ಅವರು ಕೇಳಿಸಿಕೊಂಡೂ ಇರಲಿಲ್ಲ. ಅವರಿಗೆ ಬೇಕಾದದ್ದು ಒಂದೇ ಮಾತು, ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ನೀವು ಪುಣ್ಯವಂತರು ಅಳಿಯಂದ್ರೇ, ಹೇಳಿದ್ರಲ್ಲ," ಎಂದರು. "ಇನ್ನೊಂದ್ಸಲ ಹೇಳಿ. ನನ್ನಿಂದಲ್ಲ ಅಂತ ಹೇಳಿ, ನಾನು ಊಟ ಮಾಡ್ತೀನಿ."

ಅವನು ಇನ್ನೊಂದು ಸಲ ಹೇಳಿದ.